ಗೆದ್ದವರಿಗೆ ಬರೀ ಎಲೆ: ಲಾರೆಲ್ ದಂಡೆಯ ಹಿಂದಿನ ಕಥೆ

ಸಿನಿಮಾ ಪೋಸ್ಟರ್‌ಗಳಲ್ಲಿ ಚಿತ್ರೋತ್ಸವದ ಹೆಸರಿನ ಎರಡೂ ಬದಿಗೆ ಬಾಗಿದ ಎರಡು ಎಲೆಸಾಲು ನೋಡಿರುತ್ತೀರಿ. ಮೆಡಲ್, ಶೀಲ್ಡ್, ಸರ್ಟಿಫಿಕೇಟ್‌ಗಳ ಮೇಲೂ ಅದೇ ಎಲೆ. ನಾವು ಅದನ್ನು ಸುಮ್ನೆ ಅಲಂಕಾರ ಅಂದುಕೊಳ್ಳುತ್ತೇವೆ. ಅದು ಲಾರೆಲ್, ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಬೆಳೆಯುವ ಮರ.

ನಮ್ಮ ಅಡುಗೆಮನೆಗೆ ಇದು ದೂರದ ನೆಂಟ. ಪಲಾವ್ ಎಲೆಯನ್ನೂ ಇದನ್ನೂ ಒಂದೇ ಎಂದು ತಿಳಿಯುವವರು ಜಾಸ್ತಿ. ಆದರೆ ಪಲಾವ್ ಎಲೆ ಚಕ್ಕೆ ಮರದ ಜಾತಿಯದು. ಅದರಲ್ಲಿ ಬುಡದಿಂದ ತುದಿವರೆಗೆ ಮೂರು ನರಗಳು ಎದ್ದು ಕಾಣುತ್ತವೆ. ಲಾರೆಲ್ ಎಲೆಗೆ ನಡುವೆ ಒಂದೇ ದಪ್ಪ ನರ, ಅದರಿಂದ ಅಕ್ಕಪಕ್ಕಕ್ಕೆ ಸಣ್ಣ ಕವಲುಗಳು. ಚಕ್ಕೆ, ಕರ್ಪೂರ, ಬೆಣ್ಣೆಹಣ್ಣು, ಲಾರೆಲ್ ಎಲ್ಲವೂ ಒಂದೇ ಕುಟುಂಬದ ಮರಗಳು. ಲಾರೆಲ್ ವರ್ಷವಿಡೀ ಹಸಿರು. ಎಲೆ ಒಣಗಿದರೂ ಪರಿಮಳ ಹೋಗುವುದಿಲ್ಲ.

ಇದು ಗೌರವದ ಎಲೆ ಆಗಿದ್ದರ ಹಿಂದೆ ಗ್ರೀಕರು ಹೇಳುತ್ತಿದ್ದ ಒಂದು ಕಥೆ ಇದೆ. ಅಪೊಲೊ ದೇವರು ಡಾಫ್ನಿ ಎಂಬ ಹುಡುಗಿಗೆ ಮನಸೋತ. ಅವಳಿಗೆ ಅವನು ಬೇಡ. ಅವಳು ಓಡಿದಳು, ಅವನು ಬೆನ್ನು ಹತ್ತಿದ. ಇನ್ನೇನು ಸಿಕ್ಕಿಬಿಡಬೇಕು ಅನ್ನುವಾಗ, ನದಿಯ ದೇವತೆಯಾದ ತನ್ನ ಅಪ್ಪನನ್ನು ಬೇಡಿಕೊಂಡು ಮರವಾಗಿಬಿಟ್ಟಳು. ಗ್ರೀಕ್ ಭಾಷೆಯಲ್ಲಿ ಇವತ್ತಿಗೂ ಲಾರೆಲ್ ಮರಕ್ಕೆ ಅವಳದೇ ಹೆಸರು. ಸಿಗದವಳ ಎಲೆಯನ್ನು ಅಪೊಲೊ ತನ್ನ ತಲೆಗೆ ಮುಡಿದುಕೊಂಡ. ಗೆಲುವಿನ ಗುರುತು ಅಂತ ನಾವು ನೋಡುವ ಎಲೆ ಹುಟ್ಟಿದ್ದು ಒಬ್ಬ ಹುಡುಗಿಯ ‘ಬೇಡ’ದಿಂದ. ಈ ಕಥೆ ನೆನಪಾದಾಗಲೆಲ್ಲ ನನಗೆ ಪೋಸ್ಟರ್‌ನ ಎಲೆ ಬೇರೆಯೇ ಆಗಿ ಕಾಣುತ್ತದೆ.

ಅಪೊಲೊ ಸಂಗೀತದ ದೇವರೂ ಹೌದು. ಗ್ರೀಸಿನ ಡೆಲ್ಫಿ ಎಂಬಲ್ಲಿನ ಅವನ ಗುಡಿಯಲ್ಲಿ ಪಿಥಿಯನ್ ಸ್ಪರ್ಧೆಗಳು ಶುರುವಾಗಿದ್ದೇ ಹಾಡಿನಿಂದ. ಓಟ, ಕುಸ್ತಿ ಎಲ್ಲ ಆಮೇಲೆ ಸೇರಿದ್ದು. ಮೊದಲು ಬೆಲೆಬಾಳುವ ಬಹುಮಾನ ಕೊಡುತ್ತಿದ್ದರು. ಕ್ರಿ.ಪೂ. 582ರಿಂದ ಅದನ್ನು ಬಿಟ್ಟು ಬರೀ ಎಲೆಯ ದಂಡೆ ಕೊಡತೊಡಗಿದರು. ಡೆಲ್ಫಿಯಲ್ಲಿ ಲಾರೆಲ್, ಒಲಿಂಪಿಕ್ಸ್ ಹುಟ್ಟಿದ ಒಲಿಂಪಿಯಾದಲ್ಲಿ ಕಾಡು ಆಲಿವ್. ಇವೆರಡನ್ನು ಈಗಲೂ ಜನ ಅದಲುಬದಲು ಮಾಡುತ್ತಾರೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರ ತಲೆ ಮೇಲೆ ಇಟ್ಟದ್ದು ಆಲಿವ್ ಎಲೆ, ಲಾರೆಲ್ ಅಲ್ಲ.

ಊರಿಗೆ ಮರಳಿದ ಮೇಲೆ ಗೆದ್ದವರಿಗೆ ಸನ್ಮಾನ ಸಿಗುತ್ತಿತ್ತು. ಅಥೆನ್ಸ್‌ನವರಾದರೆ ಸರ್ಕಾರದ ಖರ್ಚಿನಲ್ಲಿ ಊಟ ಕೂಡ. ಆದರೆ ಸ್ಪರ್ಧೆಯ ಜಾಗದಲ್ಲಿ, ದೇವರ ಎದುರು, ಕೈಗೆ ಬರುತ್ತಿದ್ದದ್ದು ಎಲೆ ಮಾತ್ರ. ಅದನ್ನು ಮಾರಲು ಆಗಲ್ಲ, ಒತ್ತೆ ಇಡಲು ಆಗಲ್ಲ. ನಾಲ್ಕು ದಿನಕ್ಕೆ ಬಾಡುತ್ತದೆ. ಅದಕ್ಕಾಗಿ ವರ್ಷಗಟ್ಟಲೆ ಅಭ್ಯಾಸ ಮಾಡಿ ಬರುತ್ತಿದ್ದರು ಅಲ್ವಾ, ಅದೇ ದೊಡ್ಡದು.

ರೋಮ್‌ಗೆ ಹೋದ ಮೇಲೆ ಈ ಎಲೆ ಹಾಡುಗಾರರಿಂದ ಸೇನಾಪತಿಗಳ ತಲೆಗೇರಿತು. ಯುದ್ಧ ಗೆದ್ದ ಸುದ್ದಿಯ ಪತ್ರಕ್ಕೂ ಲಾರೆಲ್ ಎಲೆ ಸುತ್ತಿ ಕಳಿಸುತ್ತಿದ್ದರು. ರೋಮ್‌ನ ಹಿರಿಯರ ಸಭೆಯಾದ ಸೆನೆಟ್ ಕೊಟ್ಟ ಗೌರವಗಳಲ್ಲಿ ಜೂಲಿಯಸ್ ಸೀಸರ್‌ಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಸದಾ ಲಾರೆಲ್ ಧರಿಸುವ ಹಕ್ಕು. ಅವನ ಬೋಳುತಲೆ ಅದರಿಂದ ಮುಚ್ಚುತ್ತಿತ್ತು ಎಂದು ರೋಮನ್ ಚರಿತ್ರೆಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಕ್ರಿ.ಪೂ. 27ರಲ್ಲಿ ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಮನೆ ಬಾಗಿಲಿಗೂ ಲಾರೆಲ್ ಬಂತು. ಅಲ್ಲಿಂದ ಅದು ಅರಸೊತ್ತಿಗೆಯ ಗುರುತು. ಅರಸರ ಆಸೆ ಎಲೆಗೂ ನಿಲ್ಲಲಿಲ್ಲ. 1804ರಲ್ಲಿ ನೆಪೋಲಿಯನ್ ತನ್ನ ಪಟ್ಟಾಭಿಷೇಕಕ್ಕೆ ಲಾರೆಲ್ ದಂಡೆಯನ್ನು ಚಿನ್ನದಲ್ಲಿ ಮಾಡಿಸಿದ. ಭಾರ ಜಾಸ್ತಿಯಾಯಿತೆಂದು ಕೆಲವು ಎಲೆಗಳನ್ನು ತೆಗೆಸಬೇಕಾಯಿತು. ಹಾಗೆ ಉಳಿದ ಒಂದು ಎಲೆ 2017ರ ಹರಾಜಿನಲ್ಲಿ 6,25,000 ಯೂರೋಗೆ ಮಾರಾಟವಾಯಿತು. ಮಾರಲಾಗದ ಎಲೆಗೂ ಕೊನೆಗೆ ಬೆಲೆ ಕಟ್ಟಿದರು.

ಎಲೆಯನ್ನು ಮತ್ತೆ ಕವಿಗಳ ಕಡೆ ತಂದವರಲ್ಲಿ ದೊಡ್ಡ ಹೆಸರು ಇಟಲಿಯ ಪೆಟ್ರಾರ್ಕ್. 1340ರ ಸೆಪ್ಟೆಂಬರ್ 1ರಂದು ಒಂದೇ ದಿನ ಅವನಿಗೆ ಎರಡು ಕರೆ ಬಂದವು: ಪ್ಯಾರಿಸ್‌ನಿಂದ ಒಂದು, ರೋಮ್‌ನಿಂದ ಒಂದು. ಎರಡೂ ಲಾರೆಲ್ ತೊಡಿಸುತ್ತೇವೆ ಬಾ ಎಂದು. ಅವನು ರೋಮ್ ಆರಿಸಿಕೊಂಡ. ಅದಕ್ಕೂ ಮೊದಲು ನೇಪಲ್ಸ್‌ನ ರಾಜ ರಾಬರ್ಟ್ ಎದುರು ಮೂರು ದಿನ ಪರೀಕ್ಷೆಗೆ ಕೂತ. 1341ರ ಏಪ್ರಿಲ್ 8, ಈಸ್ಟರ್ ಭಾನುವಾರ, ರೋಮ್‌ನ ಕ್ಯಾಪಿಟೋಲಿನ್ ಬೆಟ್ಟದ ಮೇಲೆ ದಂಡೆ ತೊಟ್ಟ. ಆಗ ಅವನಿಗೆ 36 ವರ್ಷ. ಅದನ್ನು ಮನೆಗೆ ಒಯ್ಯಲಿಲ್ಲ. ಸಂತ ಪೀಟರ್ ಚರ್ಚಿಗೆ ಹೋಗಿ ಅರ್ಪಿಸಿದ. ಅವನು ಪದ್ಯಗಳಲ್ಲಿ ಹಂಬಲಿಸಿದ ಹೆಣ್ಣಿನ ಹೆಸರು ಲಾರಾ. ಲಾರೆಲ್ ಮತ್ತು ಲಾರಾ ಎರಡನ್ನೂ ಹೆಣೆದು ಜೀವನವಿಡೀ ಬರೆದ. ಡಾಫ್ನಿಯಂತೆ ಅವಳೂ ಅವನಿಗೆ ಸಿಗಲಿಲ್ಲ.

ನನಗೆ ಇನ್ನೂ ಇಷ್ಟವಾಗುವುದು ಬೇರೆ ಸಂಗತಿ. ಪೆಟ್ರಾರ್ಕ್ ತೋಟದ ಕೆಲಸ ಮಾಡುತ್ತಿದ್ದ. ತಾನೇ ಲಾರೆಲ್ ಸಸಿಗಳನ್ನು ನೆಟ್ಟು, ಅವುಗಳ ವಿವರವನ್ನು ತನ್ನ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ ಬರೆದಿಟ್ಟ. ರೋಮ್‌ನಲ್ಲಿ ಆ ಎಲೆಯ ಮೆರವಣಿಗೆ ಕಂಡವನಿಗೆ ಗಿಡಕ್ಕೆ ಮಣ್ಣು ಹಾಕುವ ಆಸೆ ಉಳಿದಿತ್ತು.

ಇಂಗ್ಲಿಷಿನ ‘ಲಾರಿಯೇಟ್’ ಎಂಬ ಪದ ಬಂದದ್ದು ಈ ದಂಡೆಯಿಂದಲೇ. ಇಂಗ್ಲೆಂಡಿನಲ್ಲಿ 1668ರಲ್ಲಿ ಜಾನ್ ಡ್ರೈಡನ್ ಮೊದಲ ಅಧಿಕೃತ ಆಸ್ಥಾನಕವಿ, ಅಂದರೆ ‘ಪೊಯೆಟ್ ಲಾರಿಯೇಟ್’ ಆದ. ನೊಬೆಲ್ ಪಡೆದವರನ್ನೂ ಹಾಗೇ ಕರೆಯುತ್ತಾರೆ. ಕನ್ನಡದಲ್ಲಿ ನಾವು ‘ನೊಬೆಲ್ ಪುರಸ್ಕೃತ’ ಅಂದಾಗ ಎಲೆ ಉದುರಿಹೋಗುತ್ತದೆ. ಗೋವಿಂದ ಪೈ, ಕುವೆಂಪು, ಜಿ.ಎಸ್. ಶಿವರುದ್ರಪ್ಪನವರಿಗೆ ಸಂದ ‘ರಾಷ್ಟ್ರಕವಿ’ ಪದದಲ್ಲೂ ನಾಡಿದೆ, ಕವಿ ಇದ್ದಾನೆ, ಮರ ಇಲ್ಲ.

ಹಸಿ ಎಲೆ ಇನ್ನೂ ಉಳಿದಿರುವುದು ಇಟಲಿಯಲ್ಲಿ. ಅಲ್ಲಿ ಪದವಿಗೆ ಹೆಸರೇ ‘ಲಾವ್ರೆಯಾ’. ಪಾದುವಾ ಊರಿನಲ್ಲಿ ಪದವಿ ಪಡೆದ ದಿನ ಹುಡುಗ ಹುಡುಗಿಯರು ತಲೆಗೆ ಲಾರೆಲ್ ದಂಡೆ ಇಟ್ಟುಕೊಂಡು ಬೀದಿಗೆ ಬರುತ್ತಾರೆ. ಗೆಳೆಯರು ಸುತ್ತ ನಿಂತು ಹಾಡು ಹೇಳಿ ರೇಗಿಸುತ್ತಾರೆ. 1315ರಲ್ಲಿ, ಪೆಟ್ರಾರ್ಕ್‌ಗಿಂತ 26 ವರ್ಷ ಮೊದಲು, ಅಲ್ಬೆರ್ತಿನೊ ಮುಸ್ಸಾತೊ ಎಂಬ ಕವಿಯನ್ನು ಊರವರು ಸೇರಿ ದಂಡೆ ತೊಡಿಸಿ ಗೌರವಿಸಿದ್ದು ಇದೇ ಪಾದುವಾದಲ್ಲಿ.