ಕಾರು ಚೆನ್ನಾಗೇ ಓಡ್ತಿದೆ, ರೀಕಾಲ್‌ಗೆ ಕೊಡಲೇಬೇಕಾ?

ಓದುಗರ ಪ್ರಶ್ನೆ: ನಮ್ಮದು ಪೊನ್ನಂಪೇಟೆ ಹತ್ತಿರ. ಮೂರು ವರ್ಷ ಹಳೆಯ ಪೆಟ್ರೋಲ್ ಕಾರು. ಎಂಜಿನ್ ಕಂಟ್ರೋಲ್ ಸಾಫ್ಟ್‌ವೇರ್‌ನಲ್ಲಿ ದೋಷ ಇದೆ, ಓಡುತ್ತಿರುವಾಗ ಎಂಜಿನ್ ಆಫ್ ಆಗಬಹುದು, ತಂದು ಸರಿ ಮಾಡಿಸಿಕೊಳ್ಳಿ ಅಂತ ಕಂಪನಿಯಿಂದ ಮೆಸೇಜ್ ಬಂದಿದೆ. ಇವತ್ತಿನವರೆಗೆ ಕಾರಿಗೆ ಏನೂ ಆಗಿಲ್ಲ. ನಮ್ಮ ಕಂಪನಿಯ ಸರ್ವಿಸ್ ಸೆಂಟರ್ ಇರೋದು ಮೈಸೂರಲ್ಲಿ. ಕಾಫಿ ಕೊಯ್ಲಿನ ಸಮಯ ಬೇರೆ. ಮುಂದಿನ ಸರ್ವಿಸ್‌ವರೆಗೆ ಕಾದರೆ ಆಗಲ್ವಾ? ಇದಕ್ಕೆ ದುಡ್ಡು ಕೊಡಬೇಕಾ?

ಕಾಯಬೇಡಿ. ದುಡ್ಡೂ ಕೊಡಬೇಡಿ.

ಮೊದಲು ‘ಏನೂ ಆಗಿಲ್ಲ’ ಅನ್ನೋ ಮಾತಿಗೆ ಬರೋಣ. ರೀಕಾಲ್, ಅಂದರೆ ದೋಷ ಸರಿಮಾಡಲು ಕಂಪನಿ ಕಾರನ್ನು ವಾಪಸ್ ಕರೆಯುವ ವಿಷಯದಲ್ಲಿ ಜನ ಜಾಸ್ತಿ ಎಡವೋದು ಇಲ್ಲೇ. ಬೆಲ್ಟ್ ಸವೆದರೆ ಸದ್ದು ಬರುತ್ತದೆ, ಎಣ್ಣೆ ಸೋರಿದರೆ ನೆಲದಲ್ಲಿ ಕಲೆ ಕಾಣುತ್ತದೆ. ಸಾಫ್ಟ್‌ವೇರ್ ದೋಷಕ್ಕೆ ಇಂಥ ಮುನ್ಸೂಚನೆ ಇರಲೇಬೇಕು ಅಂತಿಲ್ಲ. ಎಂಜಿನ್ ಇಷ್ಟು ಬಿಸಿ, ಇಷ್ಟು ಭಾರ, ಇಷ್ಟು ಏರು ಅಂತ ನಾಲ್ಕೈದು ಸಂಗತಿ ಒಟ್ಟಿಗೆ ಕೂಡಿ ಬಂದಾಗ ಮಾತ್ರ ಅದು ಹೊರಗೆ ಬರಬಹುದು. ಅಲ್ಲಿಯವರೆಗೆ ಕಾರು ಹೊಸದರ ಹಾಗೇ ಓಡುತ್ತದೆ.

ಟೊಯೊಟಾ ಪ್ರಿಯಸ್ ಕಥೆ ಇದಕ್ಕೆ ಒಳ್ಳೆ ಉದಾಹರಣೆ. 2014ರ ಫೆಬ್ರವರಿಯಲ್ಲಿ ಆ ಕಂಪನಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಪ್ರಿಯಸ್ ಕಾರುಗಳನ್ನು ವಾಪಸ್ ಕರೆಯಿತು. ಅದು ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟರೂ ಇರುವಂಥದ್ದು. ಮೋಟರ್‌ಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಸಾಫ್ಟ್‌ವೇರ್‌ನಲ್ಲಿ ತೊಂದರೆ ಇತ್ತು. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ, ಅಂದರೆ ಭಾರ ಬಿದ್ದಾಗ, ಒಳಗಿನ ಕೆಲವು ಟ್ರಾನ್ಸಿಸ್ಟರ್‌ಗಳು ಮಿತಿ ಮೀರಿ ಬಿಸಿಯಾಗಿ ಕೆಡಬಹುದಿತ್ತು. ಕೆಟ್ಟರೆ ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆಯ ಲೈಟ್ ಉರಿದು ಕಾರಿನ ಶಕ್ತಿ ಇಳಿಯುತ್ತಿತ್ತು. ಕೆಲವು ಸಲ ರಸ್ತೆಯಲ್ಲೇ ನಿಂತುಬಿಡುತ್ತಿತ್ತು. ಆ 19 ಲಕ್ಷದಲ್ಲಿ ಹೆಚ್ಚಿನವು ಒಂದು ದಿನವೂ ಕೈ ಕೊಡದ ಕಾರುಗಳೇ. ಹಾಗಂತ ಯಾವುದು ಯಾವಾಗ ನಿಲ್ಲುತ್ತದೆ ಅಂತ ಮೊದಲೇ ಹೇಳಲು ಸಾಧ್ಯ ಇರಲಿಲ್ಲ.

ಈಗ ನಮ್ಮ ಕೊಡಗಿನ ರಸ್ತೆ ನೆನಪಿಸಿಕೊಳ್ಳಿ. ಭಾರ ಬೀಳುವುದು ಇಲ್ಲಿ ದಿನಾ ಆಗುವ ಸಂಗತಿ. ಎಂಜಿನ್ ಕಂಟ್ರೋಲ್ ಯೂನಿಟ್, ಅಂದರೆ ಮೆಕ್ಯಾನಿಕ್‌ಗಳು ಇಸಿಯು ಅನ್ನುವ ಡಬ್ಬಿ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ, ಗಾಳಿ ಎಷ್ಟು ಬರುತ್ತಿದೆ, ಎಂಜಿನ್ ಎಷ್ಟು ಬಿಸಿಯಾಗಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತೆಲ್ಲ ಸೆನ್ಸರ್‌ಗಳಿಂದ ಓದಿಕೊಳ್ಳುತ್ತಲೇ ಇರುತ್ತದೆ. ಅದನ್ನು ನೋಡಿ ಪೆಟ್ರೋಲ್ ಎಷ್ಟು ಬಿಡಬೇಕು, ಕಿಡಿ ಯಾವಾಗ ಹಾರಿಸಬೇಕು ಅಂತ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬಂದರೆ ನೀವು ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ ಇರುತ್ತೀರಿ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲಿಗಿಂತಲೂ ಜಾಸ್ತಿ ಕಡಿಮೆ. ಸಾಫ್ಟ್‌ವೇರ್ ಇಲ್ಲದೆ ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಕಾರ್ಬುರೇಟರ್ ಕಾಲದಲ್ಲಿ ಮೇಲೆ ಬಂದ ಕಾರು ಕೆಮ್ಮುತ್ತಿತ್ತು. ಈಗ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಸಾಫ್ಟ್‌ವೇರ್ ಹೋಗುತ್ತಾ ಹೋಗುತ್ತಾ ಸರಿಮಾಡಿಕೊಳ್ಳುತ್ತದೆ. ಅದೇ ಸಾಫ್ಟ್‌ವೇರ್ ತಪ್ಪು ಲೆಕ್ಕ ಹಾಕಿದರೆ ಎಂಜಿನ್ ನಿಲ್ಲಬಹುದು.

ಬಯಲು ಸೀಮೆಯಲ್ಲಿ ಎಂಜಿನ್ ನಿಂತರೆ ಪಕ್ಕಕ್ಕೆ ಎಳೆದು ಫೋನ್ ಮಾಡಿದರಾಯಿತು. ಮಾಕುಟ್ಟ ಇಳಿಜಾರಿನಲ್ಲಿ, ಮಳೆಗಾಲದಲ್ಲಿ, ಹಿಂದೆ ಬಸ್ ಇದ್ದಾಗ ನಿಂತರೆ? ಆನೆಚೌಕೂರು ಕಾಡಿನೊಳಗೆ ರಾತ್ರಿ ನಿಂತರೆ? ಅಲ್ಲಿ ಇಳಿದು ಬಾನೆಟ್ ಎತ್ತುವ ಧೈರ್ಯ ನನಗಂತೂ ಇಲ್ಲ.

ಅಪ್‌ಡೇಟ್ ಆಗುವ ಮೊದಲೇ ಹಾಗೆ ಆದರೆ ಏನು ಮಾಡಬೇಕು ಅನ್ನುವುದನ್ನು ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಹೇಳಿಡಿ. ಎಂಜಿನ್ ನಿಂತರೂ ಬ್ರೇಕ್ ಇರುತ್ತದೆ. ಆದರೆ ಬ್ರೇಕ್‌ಗೆ ಬಲ ಕೊಡುವ ಬೂಸ್ಟರ್‌ನಲ್ಲಿ ಒಂದೆರಡು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಅದಕ್ಕೇ ಪೆಡಲನ್ನು ಮತ್ತೆ ಮತ್ತೆ ತುಳಿಯಬಾರದು. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಹಲವು ಕಾರುಗಳಲ್ಲಿ ಸ್ಟೀರಿಂಗ್ ಕೂಡ ಭಾರವಾಗುತ್ತದೆ, ಎರಡೂ ಕೈಯಲ್ಲಿ ಬಲ ಹಾಕಿದರೆ ತಿರುಗುತ್ತದೆ. ಗಾಬರಿಯಲ್ಲಿ ಕೀಲಿ ಮಾತ್ರ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು. ಗೇರ್ ಕಾರಿನಲ್ಲಿ ಇಳಿಜಾರಿನಲ್ಲಿದ್ದರೆ ನ್ಯೂಟ್ರಲ್ ಮಾಡಬೇಡಿ. ಗೇರ್‌ನಲ್ಲೇ ಇದ್ದು ಕ್ಲಚ್ ಬಿಟ್ಟಿದ್ದರೆ ನಿಂತ ಎಂಜಿನ್ ಕೂಡ ಕಾರನ್ನು ಹಿಡಿಯುತ್ತದೆ. ಏರಿನಲ್ಲಿ ನಿಂತರೆ ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆಯಿರಿ ಅಂತ ಬೇರೆ ಹೇಳಬೇಕಾಗಿದೆ, ಅದೇ ಬೇಜಾರು.

ಸರ್ವಿಸ್ ಸೆಂಟರ್‌ನಲ್ಲಿ ನಡೆಯುವ ಕೆಲಸ ದೊಡ್ಡದಲ್ಲ. ಸ್ಟೀರಿಂಗ್ ಕೆಳಗೆ ಒಂದು ಪೋರ್ಟ್ ಇರುತ್ತದೆ. ಅದಕ್ಕೆ ಉಪಕರಣ ಚುಚ್ಚಿ ಹಳೆಯ ಸಾಫ್ಟ್‌ವೇರ್ ಜಾಗಕ್ಕೆ ಹೊಸದನ್ನು ಹಾಕುತ್ತಾರೆ. ನಡುವೆ ಕರೆಂಟ್ ಕಡಿಮೆಯಾದರೆ ಇಸಿಯು ಕೆಟ್ಟುಹೋಗಬಹುದು ಅಂತ ಬ್ಯಾಟರಿಗೆ ಚಾರ್ಜರ್ ಹಾಕಿಟ್ಟುಕೊಳ್ಳುತ್ತಾರೆ. ಡಬ್ಬಿಯೇ ಹಾಳಾಗಿದ್ದರೆ ಅದನ್ನೇ ಬದಲಾಯಿಸುತ್ತಾರೆ. ಅಪ್‌ಡೇಟ್ ಆದಮೇಲೆ ಸ್ವಲ್ಪ ದಿನ ಐಡ್ಲಿಂಗ್ ಅಥವಾ ಪಿಕಪ್ ಬೇರೆ ಥರ ಅನ್ನಿಸಬಹುದು. ಇಸಿಯು ಕಲಿತುಕೊಂಡಿದ್ದ ಹಳೆಯ ಲೆಕ್ಕ ಅಳಿಸಿರುತ್ತದಲ್ಲ, ಅದಕ್ಕೆ.

ಇದನ್ನು ಗೋಣಿಕೊಪ್ಪದ ಪರಿಚಯದ ಗ್ಯಾರೇಜಿನಲ್ಲೇ ಮಾಡಿಸಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಬೇಡ. ಹೊರಗಿನ ಸ್ಕ್ಯಾನರ್‌ನಲ್ಲಿ ಎರರ್ ಕೋಡ್ ಅಳಿಸಬಹುದು, ಡ್ಯಾಶ್‌ಬೋರ್ಡ್ ಲೈಟ್ ಆರಬಹುದು. ಸಾಫ್ಟ್‌ವೇರ್ ಹಳೆಯದೇ ಇರುತ್ತದೆ. ಇನ್ನೊಂದು ಮಾತು: ಕೊಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್ ಕಾರ್ ರೇಸ್ ಓಡಿಸುವ ಊರು ನಮ್ಮದು, ಪಿಕಪ್‌ಗಾಗಿ ಇಸಿಯು ರೀಮ್ಯಾಪ್, ಅಂದರೆ ಅದರ ಸಾಫ್ಟ್‌ವೇರ್ ಲೆಕ್ಕವನ್ನೇ ಬದಲು ಮಾಡಿಸಿದವರು ಇರುತ್ತಾರೆ. ಮಗ ಹಾಗೆ ಏನಾದರೂ ಮಾಡಿಸಿದ್ದಾನಾ ಕೇಳಿ. ಮಾಡಿಸಿದ್ದರೆ ಸರ್ವಿಸ್ ಸೆಂಟರ್‌ನವರಿಗೆ ಮೊದಲೇ ಹೇಳಿಬಿಡಿ. ಅಪ್‌ಡೇಟ್‌ನಲ್ಲಿ ಆ ರೀಮ್ಯಾಪ್ ಅಳಿಸಿಹೋಗುತ್ತದೆ.

ದುಡ್ಡಿನ ವಿಷಯ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಅನ್ನುವ ಕಲಂ ಸೇರಿತು. 2021ರ ಏಪ್ರಿಲ್ 1ರಿಂದ ಅದರ ನಿಯಮಗಳು ಜಾರಿಯಲ್ಲಿವೆ. ಏಳು ವರ್ಷದೊಳಗಿನ ವಾಹನದಲ್ಲಿ ಸುರಕ್ಷತೆಗೆ ಧಕ್ಕೆ ತರುವ ದೋಷ ಇದ್ದರೆ ವಾಪಸ್ ಕರೆಯಿರಿ ಅಂತ ಸರ್ಕಾರವೇ ಆದೇಶ ಮಾಡಬಹುದು. ಕಂಪನಿ ತಾನಾಗಿಯೇ ದೋಷ ಗುರುತಿಸಿ ಸರ್ಕಾರಕ್ಕೆ ತಿಳಿಸಿ ರೀಕಾಲ್ ಮಾಡಿದರೆ ದಂಡ ಇಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೇ. 2022ರಲ್ಲಿ ಕಿಯಾ ಏರ್‌ಬ್ಯಾಗ್ ಕಂಟ್ರೋಲ್ ಸಾಫ್ಟ್‌ವೇರ್ ಪರಿಶೀಲಿಸಲು 44,174 ಕಾರೆನ್ಸ್ ಕಾರುಗಳನ್ನು ಕರೆದದ್ದೂ ಹೀಗೆಯೇ. ಖರ್ಚು ಕಂಪನಿಯದು, ನಿಮ್ಮ ವಾರಂಟಿ ಮುಗಿದಿದ್ದರೂ. ಲೇಬರ್ ಚಾರ್ಜ್ ಅಂತ ಬಿಲ್ ಹಾಕಿದರೆ ಕೊಡಬೇಡಿ, ಕಂಪನಿಯ ಕಸ್ಟಮರ್ ಕೇರ್‌ಗೆ ಬರೆಯಿರಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ.

ಮೆಸೇಜ್ ನಿಜವಾ ಅಂತ ಮೊದಲು ನೋಡಿಕೊಳ್ಳಿ. ಅದರಲ್ಲಿರುವ ಲಿಂಕ್ ಒತ್ತಬೇಡಿ. ಆರ್‌ಸಿಯಲ್ಲಿರುವ 17 ಅಕ್ಷರ ಮತ್ತು ಅಂಕಿಗಳ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ, ಇಲ್ಲವೇ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಹೇಳಿ. ರೀಕಾಲ್‌ಗೆ ಒಟಿಪಿ ಕೇಳಿದರೆ, ಮುಂಗಡ ಕೇಳಿದರೆ ಅದು ಮೋಸ. ಸೆಕೆಂಡ್ ಹ್ಯಾಂಡ್ ಕಾರು ಇಟ್ಟುಕೊಂಡವರು ಮೆಸೇಜ್‌ಗೆ ಕಾಯುವುದೇ ಬೇಡ. ಬೆಂಗಳೂರಿಂದ ಬಂದು ಈಗ ಕೊಡಗಿನ ಕೆಎ 12 ನಂಬರ್ ಆದ ಕಾರಿಗೂ ಕಂಪನಿಯ ಪುಸ್ತಕದಲ್ಲಿ ಹಳೆಯ ಯಜಮಾನರ ಫೋನ್ ನಂಬರೇ ಇರಬಹುದು. ನೀವೇ ಹುಡುಕಿ ನೋಡಿ.

ಇನ್ನು ಮೈಸೂರಿನವರೆಗೆ ಹೋಗುವುದು. ಕಾರು ಓಡಿಸಲೇಬೇಡಿ ಅಂತ ನೋಟಿಸಿನಲ್ಲಿ ಇದ್ದರೆ ಓಡಿಸಬೇಡಿ, ಟೋ ಮಾಡಿ ಒಯ್ಯಲು ಕಂಪನಿಗೇ ಹೇಳಿ. ಹಾಗೆ ಇಲ್ಲದಿದ್ದರೂ ಎಂಜಿನ್ ಲೈಟ್ ಉರಿದಿದ್ದರೆ, ಏರಿನಲ್ಲಿ ಇದ್ದಕ್ಕಿದ್ದಂತೆ ಶಕ್ತಿ ಇಳಿದಿದ್ದರೆ ಇದನ್ನೇ ಕೇಳಿ. ಇದ್ಯಾವುದೂ ಇಲ್ಲ ಅಂದರೆ ಮೊದಲು ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡು, ಹಗಲು ಹೊತ್ತಿನಲ್ಲಿ, ಜನ ಮತ್ತು ಮೂಟೆ ತುಂಬದೆ ತಿತಿಮತಿ, ಹುಣಸೂರು ದಾರಿಯಲ್ಲಿ ಹೋಗಿ ಬನ್ನಿ. ಅಲ್ಲಿಯವರೆಗೆ ಘಾಟಿ ಪ್ರಯಾಣಕ್ಕೆ ಬೇರೆ ಗಾಡಿ ಇದ್ದರೆ ಅದನ್ನೇ ತೆಗೆಯಿರಿ. ವಾಪಸ್ ಹೊರಡುವಾಗ ಜಾಬ್ ಕಾರ್ಡ್ ನೋಡಿ. ‘ಜನರಲ್ ಚೆಕಪ್’ ಅಂತ ಬರೆದುಕೊಟ್ಟರೆ ಸಾಲದು. ರೀಕಾಲ್ ಕೆಲಸ ಮುಗಿದಿದೆ, ಇಂಥ ಸಾಫ್ಟ್‌ವೇರ್ ಹಾಕಿದ್ದೇವೆ ಅಂತ ಬರೆಸಿಕೊಂಡು ಆರ್‌ಸಿ ಜೊತೆ ಇಟ್ಟುಕೊಳ್ಳಿ. ನಾಳೆ ಕಾರು ಮಾರುವಾಗ ಕೊಳ್ಳುವವರು ಕೇಳುತ್ತಾರೆ.