ವಿತಂಡವಾದ: ತನ್ನ ಪಕ್ಷವನ್ನು ಹೇಳದವನ ವಾದ

ಚುನಾವಣೆಯ ಮಾತಾಗಲಿ, ಕ್ರಿಕೆಟ್ಟಿನ ಮಾತಾಗಲಿ, ಮೀಸಲಾತಿಯ ಮಾತಾಗಲಿ, ಚರ್ಚೆ ಸ್ವಲ್ಪ ಕಾವೇರಿದ ಕೂಡಲೇ ಯಾರಾದರೊಬ್ಬರು ‘ಇದು ವಿತಂಡವಾದ’ ಎಂದು ಬಿಡುತ್ತಾರೆ. ಹಾಗೆಂದವರು ಹೆಚ್ಚಿನ ಸಲ ಹೇಳಬಯಸುವುದು ಇಷ್ಟೇ: ಎದುರಿನವರು ಮೊಂಡು ಹಿಡಿದಿದ್ದಾರೆ, ಹೇಳಿದ್ದನ್ನು ಕೇಳುವುದಿಲ್ಲ, ಇವರೊಡನೆ ಮಾತು ಬೆಳೆಸಿ ಪ್ರಯೋಜನವಿಲ್ಲ. ಮೊಂಡುವಾದ, ಕುತರ್ಕ, ಕೊಂಕು, ಹಠ ಎಲ್ಲಕ್ಕೂ ಒಂದೇ ಹೆಸರಾಗಿ ಈ ಪದ ಬಳಕೆಯಾಗುತ್ತಿದೆ. ಆದರೆ ಬೈಗುಳವಾಗುವುದಕ್ಕಿಂತ ಬಹಳ ಮೊದಲು ಇದು ಶಾಸ್ತ್ರದ ಪಾರಿಭಾಷಿಕ ಪದವಾಗಿತ್ತು, ಅದಕ್ಕೆ ಖಚಿತವಾದ ಲಕ್ಷಣವೊಂದಿತ್ತು. ಆ ಲಕ್ಷಣವನ್ನು ತಿಳಿದುಕೊಂಡರೆ ದಿನನಿತ್ಯದ ನಮ್ಮ ಚರ್ಚೆಗಳು ಎಲ್ಲಿ ಹಳಿ ತಪ್ಪುತ್ತಿವೆ ಎಂಬುದನ್ನು ಈಗಿನದಕ್ಕಿಂತ ಸ್ಪಷ್ಟವಾಗಿ ಗುರುತಿಸಬಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಕ್ಷಪಾದ ಗೌತಮನ ಹೆಸರಿನಲ್ಲಿರುವ, ಭಾರತೀಯ ತರ್ಕಶಾಸ್ತ್ರದ ಮೂಲಗ್ರಂಥವಾದ ನ್ಯಾಯಸೂತ್ರದ ಮೊದಲ ಸೂತ್ರವೇ ತಿಳಿಯಬೇಕಾದ 16 ಪದಾರ್ಥಗಳನ್ನು ಎಣಿಸುತ್ತದೆ. ಅವುಗಳಲ್ಲಿ ವಾದ, ಜಲ್ಪ ಮತ್ತು ವಿತಂಡಾ ಎಂಬ ಮೂರು ಒಂದರ ಹಿಂದೊಂದು ಬರುತ್ತವೆ. ಇಬ್ಬರು ಎದುರುಬದುರಾಗಿ ನಡೆಸುವ ವಿಚಾರಕ್ಕೆ ಶಾಸ್ತ್ರದಲ್ಲಿ ‘ಕಥೆ’ ಎಂದು ಹೆಸರು, ಈ ಮೂರೂ ಕಥೆಯ ಪ್ರಭೇದಗಳು. ಇಬ್ಬರಿಗೂ ಸತ್ಯ ಯಾವುದೆಂಬುದು ತಿಳಿಯಬೇಕಾಗಿದ್ದು, ಪ್ರಮಾಣ ಮತ್ತು ತರ್ಕಗಳಿಂದಲೇ ತಮ್ಮ ಪಕ್ಷವನ್ನು, ಅಂದರೆ ನಿಲುವನ್ನು, ಸ್ಥಾಪಿಸಿ ಎದುರು ಪಕ್ಷವನ್ನು ಖಂಡಿಸಿದರೆ ಅದು ವಾದ. ಗೆಲ್ಲುವುದೇ ಗುರಿಯಾಗಿ, ಅದಕ್ಕಾಗಿ ಮಾತಿನ ವಂಚನೆಗಳನ್ನೂ ಹೂಡಿದರೆ ಅದು ಜಲ್ಪ. ಮೂರನೆಯದರ ಲಕ್ಷಣವನ್ನು ಗೌತಮನು ‘ಸ ಪ್ರತಿಪಕ್ಷಸ್ಥಾಪನಾಹೀನೋ ವಿತಂಡಾ’ ಎಂಬ ಒಂದು ಚಿಕ್ಕ ಸೂತ್ರದಲ್ಲಿ ಹೇಳಿ ಮುಗಿಸುತ್ತಾನೆ. ಅದೇ ಜಲ್ಪವು, ಎದುರಾಳಿಯ ಮಾತಿಗೆ ಪ್ರತಿಯಾಗಿ ತನ್ನದೊಂದು ಪಕ್ಷವನ್ನು ಸ್ಥಾಪಿಸುವ ಅಂಶವನ್ನು ಕಳೆದುಕೊಂಡಾಗ ವಿತಂಡವೆನಿಸುತ್ತದೆ ಎಂಬುದು ಅದರ ಅರ್ಥ. ಆಯುರ್ವೇದದ ಚರಕಸಂಹಿತೆಯ ವಿಮಾನಸ್ಥಾನವೆಂಬ ಭಾಗವೂ ಇದನ್ನೇ ಹೇಳುತ್ತದೆ: ಪರಪಕ್ಷದಲ್ಲಿ ದೋಷವನ್ನು ಹೇಳುವುದಷ್ಟೇ ವಿತಂಡಾ. ವೈದ್ಯರು ರೋಗದ ಬಗ್ಗೆ ತಮ್ಮ ತಮ್ಮಲ್ಲಿ ಚರ್ಚಿಸುವಾಗ ಈ ಭೇದ ತಿಳಿದಿರಬೇಕೆಂದು ವೈದ್ಯಗ್ರಂಥವೊಂದು ಭಾವಿಸಿತ್ತು ಎಂಬುದನ್ನು ಗಮನಿಸಬೇಕು.

ಹೀಗಾಗಿ ವಿತಂಡದ ಗುರುತು ಮೊಂಡುತನವಲ್ಲ, ಜೋರುದನಿಯೂ ಅಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನನ್ನು ನಾವು ಸಲೀಸಾಗಿ ವಿತಂಡವಾದಿ ಎಂದುಬಿಡುತ್ತೇವೆ. ಶಾಸ್ತ್ರದ ಲೆಕ್ಕದಲ್ಲಿ ಅವನು ಅದಕ್ಕೆ ನೇರ ವಿರುದ್ಧವಾದವನು. ಅವನ ಕೈಯಲ್ಲಿ ಒಂದು ಮೊಲವಿದೆ, ಅದಕ್ಕೆ ಮೂರು ಕಾಲೆಂಬ ಪಕ್ಷವಿದೆ, ಆ ಪಕ್ಷ ತಪ್ಪೆಂದು ನಾಲ್ಕು ಜನರ ಮುಂದೆ ತೋರಿಸಿಕೊಡಲು ಅವಕಾಶವಿದೆ. ವಿತಂಡಿಯಾದರೋ ಮೊಲವನ್ನೇ ಹಿಡಿದಿರುವುದಿಲ್ಲ. ನಿಮ್ಮ ಮೊಲಕ್ಕೆ ನಾಲ್ಕು ಕಾಲೆಂಬುದಕ್ಕೆ ಆಧಾರವೇನೆಂದು ಕೇಳುತ್ತಾನೆ, ಆಧಾರ ಕೊಟ್ಟರೆ ಆ ಆಧಾರಕ್ಕೆ ಆಧಾರ ಕೇಳುತ್ತಾನೆ, ಹಾಗಾದರೆ ಎಷ್ಟು ಕಾಲೆಂದು ನೀವು ತಿರುಗಿ ಕೇಳಿದರೆ ‘ಅದನ್ನು ನಾನು ಹೇಳಿದೆನೇ?’ ಎನ್ನುತ್ತಾನೆ. ಹಠಮಾರಿಯನ್ನು ಸೋಲಿಸಬಹುದು, ವಿತಂಡಿಯನ್ನು ಸೋಲಿಸಲಾಗದು, ಏಕೆಂದರೆ ಅವನು ಪಣಕ್ಕೆ ಏನನ್ನೂ ಇಟ್ಟಿರುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಬೌಲರ್ ಚೆಂಡು ಬಿಡುವ ಮೊದಲೇ ಕ್ರೀಸ್ ಬಿಟ್ಟ ನಾನ್-ಸ್ಟ್ರೈಕರನ್ನು ರನೌಟ್ ಮಾಡುವುದು ಸರಿಯೇ ಎಂಬ ಜಗಳ 1947ರ ಡಿಸೆಂಬರಿನಲ್ಲಿ ಸಿಡ್ನಿ ಟೆಸ್ಟಿನಲ್ಲಿ ವಿನೂ ಮಂಕಡ್ ಅವರು ಬಿಲ್ ಬ್ರೌನ್ ಅವರನ್ನು ಹಾಗೆ ಔಟ್ ಮಾಡಿದ ಕಾಲದಿಂದಲೂ ನಡೆದು ಬಂದಿದೆ. 2022ರ ಸೆಪ್ಟೆಂಬರಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ದೀಪ್ತಿ ಶರ್ಮಾ ಅವರು ಚಾರ್ಲಿ ಡೀನ್ ಅವರನ್ನು ಇದೇ ರೀತಿ ಔಟ್ ಮಾಡಿ ಭಾರತ ಪಂದ್ಯ ಗೆದ್ದಾಗ ಆ ಜಗಳ ನಮ್ಮ ಕಚೇರಿಗಳ ಚಹಾ ವಿರಾಮದವರೆಗೂ ಬಂದಿತು. ಅಂಥ ಕಡೆ ಸಹೋದ್ಯೋಗಿಗಳಿಬ್ಬರ ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

‘ರೂಲ್ಸ್‌ನಲ್ಲೇ ಇದೆಯಲ್ಲ ಸಾರ್, ಔಟ್ ಅಂದ್ರೆ ಔಟ್.’

‘ರೂಲ್ಸ್‌ನಲ್ಲಿದ್ದದ್ದೆಲ್ಲ ಸರಿಯಾಗಿಬಿಡುತ್ತಾ?’

‘ಸರಿ, ಮೊದಲು ಒಂದು ಸಲ ಎಚ್ಚರಿಕೆ ಕೊಡಬೇಕಿತ್ತು ಅಂತೀರಾ?’

‘ಎಚ್ಚರಿಕೆ ಕೊಡಬೇಕು ಅಂತ ನಾನೆಲ್ಲಿ ಹೇಳಿದೆ?’

‘ಹಾಗಾದ್ರೆ ಅರ್ಧ ಪಿಚ್ ಓಡಿದ್ರೂ ಸುಮ್ಮನೆ ಬಿಟ್ಟುಬಿಡಬೇಕಾ?’

‘ನಾನು ಅದನ್ನೂ ಹೇಳಿಲ್ಲ ಸಾರ್. ನೀವು ಹೇಳ್ತಿರೋದು ಸರಿಯಿಲ್ಲ ಅಂತ ಅಷ್ಟೇ.’

ಇಲ್ಲಿ ಎರಡನೆಯವರ ಮೊದಲ ಪ್ರಶ್ನೆ ತೂಕದ್ದು. ನಿಯಮದಲ್ಲಿ ಇರುವುದಕ್ಕೂ ಆಟದ ಮರ್ಯಾದೆಗೆ ಒಪ್ಪುವುದಕ್ಕೂ ಅಂತರವಿದೆ ಎಂಬ ವಾದವನ್ನು ಅನೇಕ ಹಿರಿಯ ಆಟಗಾರರು ಗಂಭೀರವಾಗಿಯೇ ಮಂಡಿಸಿದ್ದಾರೆ, ಕ್ರಿಕೆಟ್ ನಿಯಮಗಳನ್ನು ರೂಪಿಸುವ ಎಂಸಿಸಿ ಕೂಡ ಈ ರನೌಟನ್ನು ಅನ್ಯಾಯದ ಆಟವೆಂಬ 41ನೆಯ ನಿಯಮದಿಂದ ರನೌಟಿನ 38ನೆಯ ನಿಯಮಕ್ಕೆ ಸರಿಸಿದ್ದು 2022ರ ಅಕ್ಟೋಬರಿನಿಂದ ಮಾತ್ರ ಜಾರಿಗೆ ಬಂದಿತು. ಎಚ್ಚರಿಕೆ ಕೊಡಬೇಕು ಎಂದೋ, ಇಂಥ ರನೌಟನ್ನೇ ತೆಗೆದುಹಾಕಿ ಓಡಿದವರಿಗೆ ಬೇರೆ ದಂಡ ಹಾಕಬೇಕು ಎಂದೋ ಅವರು ಹೇಳಿದ್ದರೆ ಮಾತು ಮುಂದೆ ಹೋಗುತ್ತಿತ್ತು. ಯಾವುದನ್ನೂ ಹೇಳದೆ, ಮುಂದಿಟ್ಟ ಪ್ರತಿಯೊಂದು ಸಾಧ್ಯತೆಯಿಂದಲೂ ನುಣುಚಿಕೊಂಡು, ಎದುರಿನವರ ಮಾತು ಸರಿಯಿಲ್ಲ ಎಂಬಲ್ಲಿಗೇ ನಿಂತಾಗ ಅದು ವಿತಂಡವಾಯಿತು. ಧ್ವನಿ ಎಲ್ಲಿಯೂ ಏರಲಿಲ್ಲ, ಯಾರೂ ಯಾರನ್ನೂ ಬೈಯಲಿಲ್ಲ ಎಂಬುದನ್ನೂ ನೋಡಬೇಕು.

ವಿತಂಡಿಗೆ ನಿಜವಾಗಿಯೂ ಯಾವ ಪಕ್ಷವೂ ಇರುವುದಿಲ್ಲವೇ ಎಂಬ ಪ್ರಶ್ನೆಯನ್ನು ನ್ಯಾಯಸೂತ್ರಕ್ಕೆ ನ್ಯಾಯಭಾಷ್ಯವೆಂಬ ವ್ಯಾಖ್ಯಾನವನ್ನು ಬರೆದ ವಾತ್ಸ್ಯಾಯನನು ಬಹಳ ಚೆನ್ನಾಗಿ ಎದುರಿಸಿದ್ದಾನೆ. ಅವನ ಉಪಾಯ ಸರಳವಾದುದು: ವಿತಂಡಿಯನ್ನು ಈ ಮಾತಿನಿಂದ ನಿನ್ನ ಪ್ರಯೋಜನವೇನು ಎಂದು ಕೇಳಬೇಕು. ಅವನು ಪ್ರಯೋಜನವನ್ನು ಒಪ್ಪಿ ಹೇಳಿದರೆ ಅದೇ ಅವನ ಪಕ್ಷ, ಅದೇ ಅವನ ಸಿದ್ಧಾಂತವಾಗುತ್ತದೆ, ಆ ಕ್ಷಣದಿಂದ ಅವನು ವಿತಂಡಿಯಾಗಿ ಉಳಿಯುವುದಿಲ್ಲ. ಒಪ್ಪದಿದ್ದರೆ ಅವನು ಲೌಕಿಕನೂ ಅಲ್ಲ, ಪರೀಕ್ಷಕನೂ ಅಲ್ಲ, ಅಂದರೆ ಲೋಕವ್ಯವಹಾರದ ಸಾಮಾನ್ಯನ ಸಾಲಿಗೂ ವಿಚಾರವಂತನ ಸಾಲಿಗೂ ಸೇರದವನಾಗುತ್ತಾನೆ. ಈ ಪ್ರಶ್ನೆಯಲ್ಲಿ ಅವಮಾನವಿಲ್ಲ, ಎದುರಿನವರಿಗೆ ಒಂದು ಪಕ್ಷವನ್ನು ತೆಗೆದುಕೊಳ್ಳಲು ಮರ್ಯಾದೆಯ ದಾರಿಯಿದೆ. ‘ವಿತಂಡವಾದ ಮಾಡಬೇಡಿ’ ಎಂದು ಮುಖಕ್ಕೆ ಹೇಳಿ ಬಾಗಿಲು ಮುಚ್ಚುವುದಕ್ಕಿಂತ ‘ನಿಮ್ಮ ಪ್ರಕಾರ ಏನಾಗಬೇಕು, ಹೇಳಿ’ ಎಂದು ಕೇಳುವುದು ಎಷ್ಟೋ ಪಾಲು ಮೇಲು.

ರಾಜಕೀಯದ ಮಾತಿಗೆ ಬಂದರೆ, ನಾವು ವಿತಂಡವೆಂದು ಕರೆಯುವುದರಲ್ಲಿ ದೊಡ್ಡ ಪಾಲು ವಿತಂಡವೇ ಅಲ್ಲ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯನ್ನೇ ತೆಗೆದುಕೊಳ್ಳಬಹುದು. ಸರಕಾರಿ ಬಸ್ಸುಗಳಲ್ಲಿ ಮಹಿಳೆಯರ ಉಚಿತ ಪ್ರಯಾಣದಿಂದ ಅವರ ಓಡಾಟದ ಸ್ವಾತಂತ್ರ್ಯ ಹೆಚ್ಚಿದೆ ಎನ್ನುವವರಿಗೂ, ಸಾರಿಗೆ ನಿಗಮಗಳ ಮೇಲೆ ಹೊರೆ ಬಿದ್ದಿದೆ ಎನ್ನುವವರಿಗೂ ಸ್ಪಷ್ಟವಾದ ಪಕ್ಷವಿದೆ. ಇಬ್ಬರೂ ಎಷ್ಟೇ ಪಟ್ಟು ಹಿಡಿದರೂ ಅದು ವಾದವಾಗಬಹುದು, ಕೆಟ್ಟರೆ ಜಲ್ಪವಾಗಬಹುದು, ವಿತಂಡವಂತೂ ಅಲ್ಲ. ಯೋಜನೆಯ ಪ್ರತಿಯೊಂದು ಅಂಕಿಯನ್ನೂ ತಳ್ಳಿಹಾಕುತ್ತ, ‘ಹಾಗಾದರೆ ನಿಲ್ಲಿಸಬೇಕೇ? ಬಡವರಿಗಷ್ಟೇ ಸೀಮಿತಗೊಳಿಸಬೇಕೇ?’ ಎಂದು ಕೇಳಿದಾಗ ಯಾವುದಕ್ಕೂ ಹೌದೆನ್ನದ ಟೀಕಾಕಾರನಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಅದೇ ರೀತಿ, ಟೀಕಾಕಾರರು ಮುಂದಿಟ್ಟ ಪ್ರತಿಯೊಂದು ಸಲಹೆಯನ್ನೂ ಹೊಡೆದುಹಾಕುತ್ತ, ನಿಗಮಗಳ ಖರ್ಚು ಹೇಗೆ ತುಂಬಬೇಕೆಂಬುದಕ್ಕೆ ತಾನು ಮಾತ್ರ ಬಾಯಿ ಬಿಡದ ಬೆಂಬಲಿಗನಿಗೂ ಅದು ಸಲ್ಲುತ್ತದೆ.

‘ನಿಮ್ಮವರು ಅಧಿಕಾರದಲ್ಲಿದ್ದಾಗ ಮಾಡಲಿಲ್ಲವೇ?’ ಎಂಬ ನಿತ್ಯದ ಮಾತಿಗೂ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ. ವಾದದಲ್ಲಿ ಸೋಲೆಂದು ಎಣಿಸಲಾಗುವ 22 ನಿಗ್ರಹಸ್ಥಾನಗಳನ್ನು ನ್ಯಾಯಸೂತ್ರದ ಕೊನೆಯ ಅಧ್ಯಾಯ ವಿವರಿಸುತ್ತದೆ, ಅವುಗಳಲ್ಲಿ ಒಂದು ‘ಮತಾನುಜ್ಞಾ’. ತನ್ನ ಮೇಲೆ ಬಂದ ದೋಷವನ್ನು ನಿವಾರಿಸದೆ ಅದೇ ದೋಷ ನಿನ್ನಲ್ಲಿಯೂ ಇದೆ ಎಂದು ತಿರುಗಿಸಿದವನು ದೋಷ ತನ್ನಲ್ಲಿದೆಯೆಂದು ಒಪ್ಪಿಕೊಂಡಂತಾಯಿತು ಎಂಬುದು ಅದರ ತಿರುಳು. ಹಗರಣದ ಆರೋಪ ಬಂದಾಗ ಹಿಂದಿನ ಸರಕಾರದ ಹಗರಣವನ್ನು ಎತ್ತಿ ತೋರಿಸುವುದನ್ನು ಎಲ್ಲ ಪಕ್ಷಗಳ ವಕ್ತಾರರೂ ಗೆಲುವಿನ ಏಟೆಂದು ಭಾವಿಸುತ್ತಾರೆ, ಗೌತಮನು ಅದನ್ನು ಸೋಲಿನ ಪಟ್ಟಿಯಲ್ಲಿ ಬರೆದಿದ್ದಾನೆ. ಪ್ರಸ್ತುತ ವಿಷಯವನ್ನು ಬಿಟ್ಟು ಬೇರೆ ವಿಷಯಕ್ಕೆ ಹಾರುವ ‘ಅರ್ಥಾಂತರ’, ತಾನು ಹೇಳಿದ್ದನ್ನು ಹೇಳಲೇ ಇಲ್ಲವೆನ್ನುವ ‘ಪ್ರತಿಜ್ಞಾಸಂನ್ಯಾಸ’, ಬೇರೆ ಕೆಲಸವಿದೆ ಎಂದು ಮಾತನ್ನು ಅರ್ಧದಲ್ಲೇ ಕಡಿಯುವ ‘ವಿಕ್ಷೇಪ’ ಇವೂ ಅದೇ ಪಟ್ಟಿಯಲ್ಲಿವೆ.

‘ಛಲ’ವೂ ವಿತಂಡದೊಡನೆ ಕಲಸಿಹೋಗಿರುವ ಪದ. ಕನ್ನಡದಲ್ಲಿ ಛಲವೆಂದರೆ ಬಿಡದ ಹಠ, ಮೆಚ್ಚುಗೆಯ ಗುಣ. ತರ್ಕಶಾಸ್ತ್ರದಲ್ಲಿ ಅದು, ಹೇಳಿದವನ ಅಭಿಪ್ರಾಯವನ್ನು ಬಿಟ್ಟು ಅವನ ಶಬ್ದಕ್ಕೆ ಬೇರೊಂದು ಅರ್ಥವನ್ನು ಹಚ್ಚಿ ಖಂಡಿಸುವ ವಂಚನೆ. ಹೊಸ ಕಂಬಳಿಯುಳ್ಳವನು ಎಂಬ ಅರ್ಥದಲ್ಲಿ ‘ನವಕಂಬಲ’ ಎಂದರೆ, ಅವನ ಬಳಿ ಒಂಬತ್ತು ಕಂಬಳಿ ಎಲ್ಲಿವೆ ಎಂದು ಕೇಳುವುದು ಭಾಷ್ಯದಲ್ಲಿ ಬರುವ ಉದಾಹರಣೆ. ಭಾಷಣವೊಂದರಿಂದ ಒಂದು ವಾಕ್ಯವನ್ನಷ್ಟೇ ಕಿತ್ತು ಅದಕ್ಕೆ ಬೇರೆ ಅರ್ಥ ಕಟ್ಟುವ ಇಂದಿನ ರೂಢಿಯನ್ನು ವಿತಂಡವೆನ್ನುವುದಕ್ಕಿಂತ ಛಲವೆನ್ನುವುದು ಸರಿಯಾದ ಬಳಕೆ.

ಇಷ್ಟಾದರೂ ವಿತಂಡವನ್ನು ಪೂರ್ತಿಯಾಗಿ ಕೆಟ್ಟದ್ದೆಂದು ಹಳಬರು ತಳ್ಳಿಹಾಕಲಿಲ್ಲ. ಬೀಜದ ಮೊಳಕೆಯನ್ನು ಕಾಪಾಡಲು ಮುಳ್ಳಿನ ಕೊಂಬೆಗಳ ಬೇಲಿ ಹಾಕುವಂತೆ, ತತ್ತ್ವನಿಶ್ಚಯವನ್ನು ಕಾಪಾಡಿಕೊಳ್ಳಲು ಜಲ್ಪ ಮತ್ತು ವಿತಂಡಗಳು ಬೇಕು ಎಂದು ನ್ಯಾಯಸೂತ್ರವೇ ನಾಲ್ಕನೆಯ ಅಧ್ಯಾಯದಲ್ಲಿ ಹೇಳುತ್ತದೆ. ಎಲ್ಲವೂ ಶೂನ್ಯವಾದರೆ ನಿನ್ನ ಮಾತೂ ಶೂನ್ಯವಲ್ಲವೇ ಎಂಬ ಆಕ್ಷೇಪಕ್ಕೆ ಶೂನ್ಯವಾದಿಯಾದ ಬೌದ್ಧ ದಾರ್ಶನಿಕ ನಾಗಾರ್ಜುನನು ‘ವಿಗ್ರಹವ್ಯಾವರ್ತನೀ’ಯಲ್ಲಿ ಕೊಟ್ಟ ಉತ್ತರವೆಂದರೆ, ನನಗೆ ಪ್ರತಿಜ್ಞೆಯೇ, ಅಂದರೆ ಸಾಧಿಸಬೇಕಾದ ಪ್ರತಿಪಾದನೆಯೇ, ಇಲ್ಲ, ಆದ್ದರಿಂದ ಆ ದೋಷ ನನಗಿಲ್ಲ ಎಂಬುದು. ಅದು ನುಣುಚಿಕೊಳ್ಳುವಿಕೆಯೋ ಆಳವಾದ ತತ್ತ್ವವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. 12ನೆಯ ಶತಮಾನದ ಶ್ರೀಹರ್ಷನು ‘ಖಂಡನಖಂಡಖಾದ್ಯ’ದಲ್ಲಿ ನೈಯಾಯಿಕರ, ಅಂದರೆ ನ್ಯಾಯಶಾಸ್ತ್ರದವರ, ಲಕ್ಷಣಗಳನ್ನು ಒಂದೊಂದಾಗಿ ಬೀಳಿಸಿದನೇ ಹೊರತು ಅವುಗಳ ಜಾಗದಲ್ಲಿ ತನ್ನ ಲಕ್ಷಣಗಳನ್ನು ನಿಲ್ಲಿಸಲಿಲ್ಲ. ನಮ್ಮ ಉಡುಪಿಯ ಕಡೆಯಿಂದ ಬಂದ ಮಧ್ವಾಚಾರ್ಯರು ಈ ಮೂರು ಬಗೆಗಳನ್ನು ವಿವರಿಸುವುದಕ್ಕೆಂದೇ ‘ಕಥಾಲಕ್ಷಣ’ವೆಂಬ ಚಿಕ್ಕ ಗ್ರಂಥವನ್ನು ಬರೆದರು. ಅವರು ಭೇದವನ್ನು ಮಾತಿನ ರೂಪದಲ್ಲಿ ಮಾತ್ರ ನೋಡದೆ ಮಾತಾಡುವವರ ಉದ್ದೇಶದಲ್ಲಿಯೂ ನೋಡುತ್ತಾರೆ: ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಖ್ಯಾತಿಗಾಗಿಯೋ ಸ್ಪರ್ಧೆಯಿಂದಲೋ ಸಜ್ಜನರ ನಡುವೆ ನಡೆಯುವುದು ಜಲ್ಪ, ಸಜ್ಜನರು ಅನ್ಯರೊಡನೆ ತತ್ತ್ವವನ್ನು ಬಯಲುಮಾಡದೆ ನಡೆಸುವುದು ವಿತಂಡ. ಇಲ್ಲಿ ಪಕ್ಷವನ್ನು ಹೇಳದಿರುವುದು ಪಕ್ಷವಿಲ್ಲದ್ದರಿಂದಲ್ಲ, ಅದನ್ನು ಅಪಾತ್ರರ ಮುಂದೆ ಇಡಬಾರದೆಂಬ ಎಚ್ಚರದಿಂದ.

ಆದ್ದರಿಂದ ತನ್ನ ಪಕ್ಷವನ್ನು ಹೇಳದ ಪ್ರತಿಯೊಬ್ಬರನ್ನೂ ವಿತಂಡವಾದಿಯೆಂದು ದೂರುವುದು ಅನ್ಯಾಯ, ಈ ಅನ್ಯಾಯ ನಮ್ಮಲ್ಲಿ ಧಾರಾಳವಾಗಿ ನಡೆಯುತ್ತಿದೆ. ಕೊಲೆ ಮೊಕದ್ದಮೆಯಲ್ಲಿ ಆರೋಪಿಯ ಪರ ವಕೀಲರು ನಿಜವಾದ ಕೊಲೆಗಾರ ಯಾರೆಂದು ಹೇಳಬೇಕಾಗಿಲ್ಲ. ಅಪರಾಧವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್ನಿನದು, ಅದರ ಸಾಕ್ಷ್ಯದಲ್ಲಿ ಬಿರುಕಿದೆಯೆಂದು ತೋರಿಸಿದರೆ ವಕೀಲರ ಕೆಲಸ ಮುಗಿಯಿತು. ರೋಗಕ್ಕೆ ಮದ್ದು ಕಂಡುಹಿಡಿದಿದ್ದೇನೆ ಎನ್ನುವವನಿಗೆ ಪರೀಕ್ಷೆಯ ಫಲಿತಾಂಶ ತೋರಿಸೆಂದು ಕೇಳಿದವರು ತಾವೇ ಬೇರೆ ಮದ್ದು ತಂದುಕೊಡಬೇಕಾಗಿಲ್ಲ. ಒಂದು ಮಾತನ್ನು ಸ್ಥಾಪಿಸುವ ಹೊಣೆ ಅದನ್ನು ಆಡಿದವರದೇ ಆಗಿರುವಲ್ಲಿ, ಆಧಾರ ಕೇಳುವುದೇ ಕೇಳುವವರ ಪಕ್ಷ. ಪ್ರಶ್ನೆ ಕೇಳುವುದರ ಜೊತೆಗೆ ಒಳಗೊಳಗೇ ಇನ್ನೊಂದು ತೀರ್ಮಾನವನ್ನು ದಾಟಿಸುತ್ತ, ಅದನ್ನು ಸಮರ್ಥಿಸಿಕೊಳ್ಳುವ ಸರದಿ ಬಂದಾಗ ಮಾತ್ರ ‘ನಾನು ಕೇಳಿದೆನಷ್ಟೇ’ ಎಂದು ಹಿಂದೆ ಸರಿಯುವವರನ್ನು ವಿತಂಡವಾದಿ ಎನ್ನಬಹುದು.

ಊರಿನ ರಸ್ತೆ ಕಾಮಗಾರಿಗೆ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಕೇಳುವವನಿಗೆ ‘ನೀನಾಗಿದ್ದರೆ ಏನು ಮಾಡುತ್ತಿದ್ದೆ? ಸುಮ್ಮನೆ ವಿತಂಡವಾದ ಬೇಡ’ ಎನ್ನುವುದು ಸಾಮಾನ್ಯ. ಅವನು ವಾದಕ್ಕೇ ಇಳಿದಿಲ್ಲ, ಲೆಕ್ಕ ಕೇಳಿದ್ದಾನೆ. ವಾದಕ್ಕೆ ಇಳಿದವನ ಪ್ರಯೋಜನವನ್ನು ಕೇಳಬಹುದು ಎಂದು ವಾತ್ಸ್ಯಾಯನನು ಹೇಳಿದ್ದುಂಟು. ಲೆಕ್ಕ ಕೇಳುವ ಪ್ರಜೆಯ ವಿಷಯದಲ್ಲಿ 2005ರ ಮಾಹಿತಿ ಹಕ್ಕು ಅಧಿನಿಯಮವು ಆ ಪ್ರಶ್ನೆಗೂ ಅವಕಾಶವಿಟ್ಟಿಲ್ಲ: ಮಾಹಿತಿ ಏಕೆ ಬೇಕೆಂಬ ಕಾರಣವನ್ನು ಅರ್ಜಿದಾರರು ಕೊಡಬೇಕಾಗಿಲ್ಲ ಎಂದು ಅದರ 6ನೆಯ ಪ್ರಕರಣದ 2ನೆಯ ಉಪಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ.