ನೀರುನಾಯಿಯ ಹೊಳೆಯಲ್ಲಿ ಅಂತರಗಂಗೆ

ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗೆಂದೇ ಮೀಸಲಾದ ಇಂಥ ಪ್ರದೇಶ ದೇಶದಲ್ಲಿ ಇದೇ ಮೊದಲನೆಯದು. ಮೀನಿಗೆ ಸಿಡಿಮದ್ದು ಹಾಕುವುದು, ಮರಳು ತೆಗೆಯುವುದು, ದಡದ ಆಪು ಎಂಬ ಜೊಂಡು ಸುಡುವುದು ಮುಂತಾದ ಮನುಷ್ಯರ ಹಾವಳಿಯನ್ನು ಇಂಥ ಗಡಿಯಿಂದ ತಡೆಯಲು ಯತ್ನಿಸಬಹುದು. ನೀರಿನೊಂದಿಗೇ ತೇಲಿಬರುವ ಗಿಡಕ್ಕೆ ಗಡಿ ಎಲ್ಲಿಯದು?

ಆ ಗಿಡವನ್ನು ಈಗ ಎಲ್ಲರೂ ಅಂತರಗಂಗೆ ಎನ್ನುತ್ತಾರೆ. ಹಳೆಯ ಅಂತರಗಂಗೆ ಎಲೆಕೋಸಿನಂತೆ ತೇಲುವ ಬೇರೆಯೇ ಸಸ್ಯ; ಅದರ ಹೆಸರು ಅಮೆಜಾನ್ ಸೀಮೆಯ ಈ ಅತಿಥಿಗೆ, ಅಂದರೆ ವಾಟರ್ ಹಯಸಿಂತ್‌ಗೆ, ವರ್ಗವಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದು ಬಂಗಾಳಕ್ಕೆ ಬಂದದ್ದು ಹೂವಿನ ಚೆಲುವಿಗಾಗಿ. ನಸುನೇರಳೆ ಬಣ್ಣದ ಆರು ಎಸಳುಗಳಲ್ಲಿ ಮೇಲಿನದರ ನಡುವೆ ನವಿಲುಗರಿಯ ಕಣ್ಣಿನಂತೆ ಹಳದಿ ಬೊಟ್ಟಿರುತ್ತದೆ. ಉಬ್ಬಿದ ಎಲೆತೊಟ್ಟನ್ನು ಸೀಳಿದರೆ ಒಳಗೆ ಸ್ಪಂಜಿನಂಥ ಗಾಳಿಗೂಡುಗಳು ಕಾಣುತ್ತವೆ. ಗಿಡ ತೇಲುವುದು ಅವುಗಳ ಬಲದಿಂದ.

ನೀರುನಾಯಿ ಸುಮಾರು ಎರಡು ತಿಂಗಳು ಬಸಿರಿದ್ದು, ಸಾಮಾನ್ಯವಾಗಿ ಎರಡರಿಂದ ಐದು ಮರಿಗಳನ್ನು ಹಾಕಿ, ಕುಟುಂಬವಾಗಿ ಕೂಡಿಕೊಂಡು ಅವುಗಳಿಗೆ ಈಜು, ಬೇಟೆ ಕಲಿಸುತ್ತದೆ. ಅಂತರಗಂಗೆಗೆ ಆ ತಾಪತ್ರಯವಿಲ್ಲ. ತಾಯಿಗಿಡ ಅಡ್ಡಕಾಂಡ ಚಾಚಿ ಮರಿಗಿಡ ಬಿಡುತ್ತದೆ, ಅನುಕೂಲವಿದ್ದರೆ ಒಂದೆರಡು ವಾರಗಳಲ್ಲಿ ಇಮ್ಮಡಿಯಾಗುತ್ತದೆ. ಹೂಳಿಗೆ ಬಿದ್ದ ಬೀಜ ಇಪ್ಪತ್ತು ವರ್ಷವಾದರೂ ಮೊಳೆಯಬಲ್ಲದು. ಗಂಗಾವತಿ, ಕಂಪ್ಲಿ ಸುತ್ತಿನ ಭತ್ತದ ಗದ್ದೆಗಳಿಂದ ಬಸಿದುಬರುವ ಗೊಬ್ಬರದ ನೀರು ಇಂಥ ಕಳೆಗೆ ಹಾಲೆರೆದಂತೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆ ನೀರಾವರಿ ಬಂದ ಮೇಲೆ ಅದರ ಕೆಳಗಿನ ಹೊಳೆ ಬೇಸಿಗೆಯಲ್ಲಿ ಬಡಕಲಾಗಿ ಅಲ್ಲಲ್ಲಿ ಮಡುಗಟ್ಟುತ್ತದೆ. ಕಳೆಗೆ ಬೇಕಾದ ನಿಂತ ನೀರೂ ಹೀಗೆ ಒದಗಿತು.

ಆನೆಗೊಂದಿ ಕಡೆಯ ಬಂಡೆಗಳ ಮೇಲೆ ಮೀನಿನ ಹುರುಪೆ ಬೆರೆತ ಹಿಕ್ಕೆ ಕಂಡರೆ ಅಲ್ಲಿ ನೀರುನಾಯಿ ಬಂದಿತ್ತೆಂದು ತಿಳಿಯಬೇಕು. ಹಸಿರು ಹೊದಿಕೆ ದಟ್ಟವಾಗಿ ಕವಿದಲ್ಲಿ ನೀರಿಗೆ ಬೆಳಕಿಳಿಯದು, ಆಮ್ಲಜನಕ ತಗ್ಗುತ್ತದೆ, ನೀರುನಾಯಿಯ ಮುಖ್ಯ ಆಹಾರವಾದ ಮೀನು ಕಡಿಮೆಯಾಗುತ್ತದೆ. ಮೀನುಗಾರರ ಹರಿಗೋಲಿಗೂ ದಾರಿಯಿರುವುದಿಲ್ಲ.

ಗಿಡವನ್ನು ತಿನ್ನುವ ಸೊಂಡಿಲ ಹುಳುಗಳನ್ನು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ಬಿಟ್ಟದ್ದುಂಟು. ಆದರೆ ಅವು ಕೆಲಸ ಮುಗಿಸಲು ವರ್ಷಗಟ್ಟಲೆ ಬೇಕಾದ್ದರಿಂದ ಕೈಯಿಂದಲೋ ಯಂತ್ರದಿಂದಲೋ ಕೀಳುವುದೇ ರೂಢಿ. ಕಿತ್ತದ್ದನ್ನು ದಡದಲ್ಲೇ ಗುಡ್ಡೆ ಹಾಕುವುದು ನನ್ನ ದೃಷ್ಟಿಯಲ್ಲಿ ಅರ್ಧ ಕೆಲಸ: ಮಳೆಗಾಲದಲ್ಲಿ ಅಣೆಕಟ್ಟೆಯ ಗೇಟುಗಳನ್ನು ಎತ್ತಿದಾಗ ಹೊಳೆ ದಡವೇರಿ, ಒಣಗದೆ ಉಳಿದ ಗಿಡವನ್ನೂ ಬೀಜವನ್ನೂ ಮರಳಿ ಎಳೆದುಕೊಳ್ಳುತ್ತದೆ.